ಸಿನಿಮಾದಲ್ಲಿ ಇಲ್ಲದ ವರ್ಷಗಳು

ನಮ್ಮ ಊರುಗಳಲ್ಲಿ ಈಗ ಗುರುವಂದನೆಗಳ ಭರಾಟೆ. ಯಾವುದೋ ಬ್ಯಾಚಿನ ಎಸ್ಸೆಸ್ಸೆಲ್ಸಿ ಹುಡುಗರು ವಾಟ್ಸಾಪಿನಲ್ಲಿ ಒಬ್ಬರನ್ನೊಬ್ಬರು ಪತ್ತೆ ಹಚ್ಚಿ, ಚಂದಾ ಎತ್ತಿ, ಹಳೆಯ ಹೈಸ್ಕೂಲಿನ ಅಂಗಳದಲ್ಲೇ ಶಾಮಿಯಾನ ಹಾಕಿಸುತ್ತಾರೆ. ಮೇಷ್ಟ್ರುಗಳಿಗೆ ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. ಮಂಡಿನೋವಿನವರನ್ನು ಇಬ್ಬರು ಹಿಡಿದು ವೇದಿಕೆ ಹತ್ತಿಸುತ್ತಾರೆ. ಆಮೇಲೆ ಮೈಕು ಸಿಕ್ಕವರೆಲ್ಲ ಹೇಳುವುದು ಹೆಚ್ಚುಕಮ್ಮಿ ಒಂದೇ ಕಥೆ: ‘ಸಾರ್ ಅವತ್ತು ಕಿವಿ ಹಿಂಡದೇ ಇದ್ದಿದ್ರೆ ನಾನು ಇವತ್ತು ಇಲ್ಲಿರ್ತಿರಲಿಲ್ಲ.’ ಮಾತು ಸುಳ್ಳಲ್ಲ, ಕಣ್ಣೀರೂ ಸುಳ್ಳಲ್ಲ. ಆದರೂ ಒಂದು ಆಯುಷ್ಯದ ಪಾಠವೆಲ್ಲ ಒಂದು ದಿನದ ಕಿವಿ ಹಿಂಡುವುದಕ್ಕೆ ಬಂದು ನಿಂತಿತಲ್ಲ ಎಂದು ನನಗೆ ಕಸಿವಿಸಿಯಾಗುತ್ತದೆ. ಮಿಕ್ಕ ದಿನಗಳಲ್ಲಿ ಅವರು ಏನು ಮಾಡುತ್ತಿದ್ದರು? ಅದನ್ನು ಮಾಡಲು ಅವರಿಗೆ ಯಾರು ಅನುವು ಮಾಡಿಕೊಟ್ಟರು, ಯಾರು ಅಡ್ಡಗಾಲು ಹಾಕಿದರು?

ಈ ಯೋಚನೆ ಬಂದಾಗಲೆಲ್ಲ ಹೈಮೆ ಎಸ್ಕಲಾಂಟೆ ನೆನಪಾಗುತ್ತಾರೆ. 1930ರಲ್ಲಿ ಬೊಲಿವಿಯಾದ ಲಾಪಾಜ್‌ನಲ್ಲಿ ಹುಟ್ಟಿದವರು. ಅಪ್ಪ ಅಮ್ಮ ಇಬ್ಬರೂ ಶಾಲಾ ಶಿಕ್ಷಕರು. ತಾವೂ ಅಲ್ಲಿ ಗಣಿತ, ಭೌತಶಾಸ್ತ್ರ ಕಲಿಸಿ ಹೆಸರು ಮಾಡಿ, 1963ರಲ್ಲಿ ಅಮೆರಿಕಕ್ಕೆ ಬಂದರು. ಇಂಗ್ಲಿಷ್ ಬರುತ್ತಿರಲಿಲ್ಲ, ಬೊಲಿವಿಯಾದ ಪದವಿಗೆ ಅಲ್ಲಿ ಬೆಲೆಯೂ ಇರಲಿಲ್ಲ. ಕಾಫಿ ಹೋಟೆಲೊಂದರಲ್ಲಿ ನೆಲ ಒರೆಸಿದರು, ಕಂಪ್ಯೂಟರ್ ಕಂಪನಿಯಲ್ಲಿ ತಂತ್ರಜ್ಞರಾದರು, ರಾತ್ರಿ ಓದಿ ಮತ್ತೆ ಪದವಿ ಪಡೆದರು. 1974ರಲ್ಲಿ ಕಂಪನಿಯ ಸಂಬಳ ಬಿಟ್ಟು, ಅದಕ್ಕಿಂತ ಕಡಿಮೆ ಸಂಬಳಕ್ಕೆ ಪೂರ್ವ ಲಾಸ್ ಏಂಜಲೀಸ್‌ನ ಗಾರ್ಫೀಲ್ಡ್ ಹೈಸ್ಕೂಲು ಸೇರಿದರು. ಮೆಕ್ಸಿಕೊ ಮೂಲದ ಬಡ ಕುಟುಂಬಗಳ ಮಕ್ಕಳೇ ತುಂಬಿದ್ದ ಶಾಲೆ. ಅದರ ಮಾನ್ಯತೆಯೇ ಹೋಗುವ ಸ್ಥಿತಿಯಿತ್ತು.

ಬಂದ ಹೊಸದರಲ್ಲಿ ಎದೆಗುಂದಿ, ಹಳೆಯ ಕೆಲಸ ವಾಪಸು ಸಿಗುತ್ತದೆಯೇ ಎಂದು ಕಂಪನಿಗೆ ಫೋನ್ ಮಾಡಿ ಕೇಳಿದರಂತೆ. ಬೀಜಗಣಿತ ಕಲಿಯುತ್ತೇವೆಂದು ಹನ್ನೆರಡು ಮಕ್ಕಳು ಒಪ್ಪಿದರು, ಅಷ್ಟಕ್ಕೇ ಉಳಿದುಕೊಂಡರು. ಅಡುಗೆಭಟ್ಟನ ಟೋಪಿ ಹಾಕಿಕೊಂಡು ಬಂದು, ಮಕ್ಕಳೆದುರು ಸೇಬನ್ನು ದೊಡ್ಡ ಕತ್ತಿಯಲ್ಲಿ ಕಚಕ್ಕೆಂದು ಕಡಿದು ಭಿನ್ನರಾಶಿ ಹೇಳಿಕೊಡುವ ಮನುಷ್ಯ. ಬ್ಯಾಸ್ಕೆಟ್‌ಬಾಲಿನ ಪರಿಭಾಷೆಯಲ್ಲಿ ಗಣಿತ. ತರಗತಿಗೆ ಬಾರದವರ ಮನೆಗೆ ಫೋನ್. ಹುಡುಗರು ಅವರಿಗಿಟ್ಟ ಅಡ್ಡಹೆಸರು ‘ಕೀಮೋ’.

ಜಗತ್ತಿಗೆ ಅವರು ಗೊತ್ತಾದದ್ದು 1988ರ ‘ಸ್ಟ್ಯಾಂಡ್ ಅಂಡ್ ಡೆಲಿವರ್’ ಸಿನಿಮಾದಿಂದ. ಲೆಕ್ಕದ ಗಂಧಗಾಳಿಯಿಲ್ಲದ ಪುಂಡ ಹುಡುಗರು, ಹಟಮಾರಿ ಮೇಷ್ಟ್ರು. ನೋಡನೋಡುತ್ತ ತರಗತಿಯೇ ಕ್ಯಾಲ್ಕುಲಸ್ ಪರೀಕ್ಷೆ ಗೆಲ್ಲುತ್ತದೆ. ಹೈಸ್ಕೂಲಿನಲ್ಲಿರುವಾಗಲೇ ಕಾಲೇಜು ಮಟ್ಟದಲ್ಲಿ ಬರೆಯುವ ಕಠಿಣ ಪರೀಕ್ಷೆಯದು. ಚಿತ್ರ ಚೆನ್ನಾಗಿದೆ, ನನಗೂ ಇಷ್ಟ. ಆದರೆ ನಿಜವಾಗಿ ನಡೆದದ್ದು ಇಷ್ಟು: 1978ರಲ್ಲಿ ಅವರು ಕ್ಯಾಲ್ಕುಲಸ್ ತರಗತಿ ಶುರು ಮಾಡಿದಾಗ ಕೊನೆವರೆಗೆ ಉಳಿದವರು ಐವರು, ಪಾಸಾದವರು ಇಬ್ಬರು. ಮರುವರ್ಷ ಒಂಬತ್ತರಲ್ಲಿ ಏಳು. 1981ರಲ್ಲಿ ಹದಿನೈದರಲ್ಲಿ ಹದಿನಾಲ್ಕು. 1982ರಲ್ಲಿ ಬರೆದ ಹದಿನೆಂಟೂ ಮಂದಿ ಪಾಸು. ಶಾಲೆಗೆ ಬಂದು ಎಂಟು ವರ್ಷ ಕಳೆದಿತ್ತು. ಭಿನ್ನರಾಶಿ ಬಾರದ ಮಗುವಿಗೆ ಒಂದೇ ವರ್ಷದಲ್ಲಿ ಕ್ಯಾಲ್ಕುಲಸ್ ಕಲಿಸಿದ್ದು ಸಿನಿಮಾ ಮಾತ್ರ. ಸಿನಿಮಾ ಹಾಗೆ ತೋರಿಸಿದ್ದು ಎಸ್ಕಲಾಂಟೆಗೂ ಸರಿಬಂದಿರಲಿಲ್ಲ.

ಆ ಹದಿನೆಂಟರಲ್ಲಿ ಹದಿನಾಲ್ಕು ಮಂದಿಯ ಮೇಲೆ ಪರೀಕ್ಷಾ ಸಂಸ್ಥೆಗೆ ಅನುಮಾನ ಬಂತು: ಉತ್ತರಗಳು ಒಂದೇ ಥರ ಇವೆ, ನಕಲು ಹೊಡೆದಿರಬೇಕು. ಹನ್ನೆರಡು ಮಂದಿ ಮತ್ತೆ ಕೂತು ಬರೆದರು. ಎಲ್ಲರೂ ಪಾಸಾದರು. ಬಡವರ ಮಕ್ಕಳು ಫೇಲಾದಾಗ ಮರುಪರಿಶೀಲನೆ ಮಾಡೋಣ ಎಂದು ಯಾರೂ ಓಡಿಬರುವುದಿಲ್ಲ, ಬಿಡಿ.

ಇನ್ನು ಶಾಲೆಯ ಒಳಗಿನ ಸಂಗತಿ. ಈ ಮನುಷ್ಯ ಬೆಳಗ್ಗೆ ತೀರಾ ಬೇಗ ಬರುತ್ತಾನೆ, ಸಂಜೆ ತೀರಾ ತಡವಾಗಿ ಹೋಗುತ್ತಾನೆ ಎಂಬುದೇ ಮೊದಮೊದಲು ಆರೋಪವಾಗಿತ್ತು. ಕೆಲಸದಿಂದ ತೆಗೆಯುವ ಬೆದರಿಕೆಯೂ ಬಂತು. ಹೆನ್ರಿ ಗ್ರಾಡಿಯಾಸ್ ಎಂಬ ಹೊಸ ಹೆಡ್‌ಮಾಸ್ಟರು ಬಂದಮೇಲೆ ಗಾಳಿ ತಿರುಗಿತು. ಬೆನ್ ಹಿಮೆನೆಸ್ ಎಂಬ ಇನ್ನೊಬ್ಬ ಗಣಿತದ ಮೇಷ್ಟ್ರು ಹೆಗಲು ಕೊಟ್ಟರು. ಹತ್ತಿರದ ಕಾಲೇಜಿನಲ್ಲಿ ಬೇಸಿಗೆ ತರಗತಿಗಳು ನಡೆದವು. ಕೆಳಗಿನ ತರಗತಿಗಳ ಬುನಾದಿ ಗಟ್ಟಿಯಾಗುತ್ತ ಬಂತು. 1987ರ ಹೊತ್ತಿಗೆ ಆ ಶಾಲೆಯಿಂದ ಕ್ಯಾಲ್ಕುಲಸ್ ಪಾಸಾದವರು ಎಂಬತ್ತಕ್ಕೂ ಹೆಚ್ಚು.

ಸಿನಿಮಾ ಬಂದದ್ದು ಅದರ ಮರುವರ್ಷ. ಆಮೇಲಿನ ಕಥೆ ಸಿನಿಮಾ ನೋಡಿದವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಬೆಂಬಲಿಸಿದ ಹೆಡ್‌ಮಾಸ್ಟರು ಶಾಲೆಯಲ್ಲಿ ಉಳಿಯಲಿಲ್ಲ. ಸಹೋದ್ಯೋಗಿಗಳಿಗೆ ಹೊಟ್ಟೆಕಿಚ್ಚು, ದ್ವೇಷದ ಪತ್ರಗಳು, ತರಗತಿಯಲ್ಲಿ ಮಕ್ಕಳ ಸಂಖ್ಯೆ ಮೂವತ್ತೈದರ ಮಿತಿ ದಾಟಿದೆಯೆಂದು ಶಿಕ್ಷಕರ ಸಂಘದ ತಕರಾರು. ಮಿತಿ ಇಟ್ಟವರದು ತಪ್ಪೆಂದು ನಾನು ಹೇಳಲಾರೆ. ಕಿಕ್ಕಿರಿದ ತರಗತಿಯಲ್ಲಿ ಗಂಟಲು ಹರಿದುಕೊಂಡವರಿಗೆ ಅದರ ಬೆಲೆ ಗೊತ್ತು. ಎಸ್ಕಲಾಂಟೆ ಕೂಡ ಸಲೀಸು ಮನುಷ್ಯನೇನಲ್ಲ, ಮಾತು ಒರಟು. 1990ರಲ್ಲಿ ಗಣಿತ ವಿಭಾಗದ ಮುಖ್ಯಸ್ಥನ ಸ್ಥಾನ ಹೋಯಿತು, 1991ರಲ್ಲಿ ಶಾಲೆಯನ್ನೇ ಬಿಟ್ಟರು. ಹಿಮೆನೆಸ್ ಕೂಡ ಹೊರಟರು. ಪಾಸಾಗುವವರ ಸಂಖ್ಯೆ ಕೆಲವೇ ವರ್ಷಗಳಲ್ಲಿ ಪಾತಾಳ ಕಂಡಿತು. ಕಟ್ಟಡ ಅದೇ, ಬೀದಿ ಅದೇ, ಮಕ್ಕಳೂ ಅದೇ ಮನೆಗಳವರು.

ಮೇಷ್ಟ್ರನ್ನು ಪವಾಡಪುರುಷನನ್ನಾಗಿ ಮಾಡಿದರೆ ಉಳಿದವರಿಗೆಲ್ಲ ಅನುಕೂಲ. ಅಂಥವರು ನೂರಕ್ಕೊಬ್ಬರು, ನಮ್ಮ ಶಾಲೆಗೆ ಸಿಗಲಿಲ್ಲ ಎಂದು ಕೈತೊಳೆದುಕೊಳ್ಳಬಹುದು. ಗೇಟಿನ ಬೀಗದ ಕೈ ಕೊಟ್ಟವರು, ಪಕ್ಕದ ಕೋಣೆಯಲ್ಲಿ ಸದ್ದಿಲ್ಲದೆ ಬೀಜಗಣಿತ ಕಲಿಸಿದವರು, ಇಬ್ಬರೇ ಪಾಸಾದ ವರ್ಷದಲ್ಲೂ ತರಗತಿ ಮುಚ್ಚಿಸದೆ ಇದ್ದವರು ಯಾವ ವೇದಿಕೆಗೂ ಬರುವುದಿಲ್ಲ. ತೀರಿಕೊಂಡ ಮೇಷ್ಟ್ರ ಬಗ್ಗೆ ಮಾತಾಡುವಾಗ ಇವರ ಹೆಸರೂ ಬರಬೇಕೆಂದು ನನ್ನ ಆಸೆ. ಮೇಷ್ಟ್ರ ದೊಡ್ಡತನ ಅದರಿಂದ ಕಡಿಮೆಯಾಗುವುದಿಲ್ಲ.

2010ರಲ್ಲಿ ಎಸ್ಕಲಾಂಟೆ ಮೂತ್ರಕೋಶದ ಕ್ಯಾನ್ಸರಿನಿಂದ ಹಾಸಿಗೆ ಹಿಡಿದರು. ಚಿಕಿತ್ಸೆಯ ಖರ್ಚಿಗೆ ಹಳೆಯ ವಿದ್ಯಾರ್ಥಿಗಳೂ ಚಿತ್ರದಲ್ಲಿ ಅವರ ಪಾತ್ರ ಮಾಡಿದ್ದ ನಟ ಎಡ್ವರ್ಡ್ ಜೇಮ್ಸ್ ಓಲ್ಮೋಸ್ ಕೂಡ ಹಣ ಕೂಡಿಸಲು ನಿಂತರು. ಶಿಷ್ಯರ ಋಣಪ್ರಜ್ಞೆಗೆ ಕೈಮುಗಿಯಬೇಕು. ಆದರೆ ಅಷ್ಟು ವರ್ಷ ಕಲಿಸಿದ ಮೇಷ್ಟ್ರಿಗೆ ಔಷಧಿಗಾಗಿ ಚಂದಾ ಎತ್ತಬೇಕಾಗಿ ಬಂದದ್ದಕ್ಕೆ ಯಾರು ತಲೆತಗ್ಗಿಸಬೇಕು ಎಂಬ ಪ್ರಶ್ನೆಯನ್ನು ಆ ಹಣ ಮುಚ್ಚಿಹಾಕಲಾರದು. ಅದೇ ಮಾರ್ಚ್ 30ರಂದು, 79ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಆರು ವರ್ಷ ಕಳೆದಮೇಲೆ ಅಮೆರಿಕದ ಅಂಚೆ ಇಲಾಖೆ ಅವರ ಅಂಚೆಚೀಟಿ ತಂದಿತು.