ಯಾವ ಊರಿಗೆ ಹೋಗೋದು?

ಯಾವ ಊರಿಗೆ ಹೋಗೋದು ಅನ್ನುವ ಪ್ರಶ್ನೆ ನಮ್ಮಪ್ಪನಿಗೆ ಇರಲಿಲ್ಲ. ಅವನು ಜೀತಕ್ಕಿದ್ದವನು. ಧಣಿಯ ಕೊಟ್ಟಿಗೆ ಎಲ್ಲಿತ್ತೋ ಅದೇ ಅವನ ಊರು. 1976ರಲ್ಲಿ ಜೀತಪದ್ಧತಿ ರದ್ದತಿ ಕಾಯ್ದೆ ಬಂತು. ಕಾಗದದ ಮೇಲೆ ಅವನ ಬಿಡುಗಡೆಯೂ ಆಯಿತು. ಬಿಡುಗಡೆಯಾದವನು ಹೋಗುವುದಾದರೂ ಎಲ್ಲಿಗೆ? ತಿರುಗಿ ಅದೇ ಕೇರಿಗೆ ಬಂದ, ಅದೇ ಧಣಿಯ ಹೊಲದಲ್ಲಿ ಕೂಲಿ ಮಾಡಿದ, ಅಲ್ಲೇ ಸತ್ತ.

ನಾನು ಹಾಸ್ಟೆಲಿನ ಅನ್ನ ತಿಂದು ಓದಿದವನು. ಮೀಸಲಾತಿಯಿಂದ ಸರ್ಕಾರಿ ಕಾಲೇಜಿನಲ್ಲಿ ಮೇಷ್ಟ್ರಾದವನು. ಈಚೆಗೆ ವರ್ಗಾವಣೆಯ ಸಮಯದಲ್ಲಿ ನನ್ನ ಮುಂದೆ ನಾಲ್ಕು ಊರಿನ ಹೆಸರಿದ್ದವು: ದಾವಣಗೆರೆ, ಬೆಂಗಳೂರು, ಕೆಜಿಎಫ್, ಮೈಸೂರು. ಇವುಗಳಲ್ಲಿ ಯಾವುದು ಬೇಕೋ ಆರಿಸಿಕೊಳ್ಳಬಹುದಿತ್ತು. ಒಂದೇ ತಲೆಮಾರಿನಲ್ಲಿ ಕೊಟ್ಟಿಗೆಯಿಂದ ಇಲ್ಲಿಗೆ ಬಂದದ್ದು ಸಣ್ಣ ಮಾತಲ್ಲ. ಇದಕ್ಕೆ ಯಾರಿಗೆ ಋಣಿಯಾಗಿರಬೇಕು ಅನ್ನೋದೂ ನನಗೆ ಗೊತ್ತು. ಅದಕ್ಕೇ ಈ ಆಯ್ಕೆಯನ್ನು ನನ್ನೊಬ್ಬನ ಮನೆ ವಿಚಾರ ಅಂತ ಬಿಡಲಾಗಲಿಲ್ಲ. ಕಾಲೇಜು ಹತ್ತಿರವಿದೆಯಾ, ನೀರು ಬರುತ್ತಾ, ಬಾಡಿಗೆ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ನಾವು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಆ ಊರಿನೊಳಗೆ ಹೋಗಲು ನಾವು ಏನನ್ನು ಬಿಟ್ಟು ಹೋಗಬೇಕು?

ನಗರಕ್ಕೆ ಹೋಗಿ ಅಂತ ನಮಗೆ ಹೇಳಿದವರು ಬಾಬಾಸಾಹೇಬರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡು ಮಂಡಿಸುತ್ತಾ ಅವರು ಹಳ್ಳಿಯ ಗುಣಗಾನ ಮಾಡುವವರಿಗೆ ಸರಿಯಾಗಿ ಉತ್ತರ ಕೊಟ್ಟರು. ಹಳ್ಳಿಯೆಂದರೆ ಕೋಮುವಾದದ, ಅಜ್ಞಾನದ, ಸಂಕುಚಿತ ಬುದ್ಧಿಯ ಗುಂಡಿ ಅನ್ನುವುದು ಅವರ ನಿಲುವಾಗಿತ್ತು. ಊರು ಒಂದು ಕಡೆ, ಕೇರಿ ಇನ್ನೊಂದು ಕಡೆ ಇರುವಲ್ಲಿ ಹುಟ್ಟಿದವನಿಗೆ ಈ ಮಾತಿಗೆ ಪುರಾವೆ ಬೇಕಾಗಿಲ್ಲ.

ಆದರೆ ಅದೇ ಬಾಬಾಸಾಹೇಬರಿಗೆ ನಗರ ಏನು ಮಾಡಿತು ಅನ್ನೋದನ್ನೂ ಮರೆಯಬಾರದು. 1917ರಲ್ಲಿ ಅವರು ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದು ಬರೋಡ ಸಂಸ್ಥಾನದ ನೌಕರಿಗೆ ಸೇರಿದರು. ಅಷ್ಟು ದೊಡ್ಡ ಊರಿನಲ್ಲಿ ಅವರಿಗೆ ಇರಲು ಒಂದು ಕೋಣೆ ಸಿಗಲಿಲ್ಲ. ಕೊನೆಗೆ ಪಾರ್ಸಿಗಳ ತಂಗುಮನೆಯೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೆಯ ದಿನ ಬೆಳಿಗ್ಗೆ ಒಂದು ಡಜನ್ ಜನ ದೊಣ್ಣೆ ಹಿಡಿದು ಬಂದು ಹೊರಗೆ ಹೋಗು ಅಂದರು. ಪರಿಚಯದ ಒಬ್ಬ ಹಿಂದೂ, ಒಬ್ಬ ಕ್ರೈಸ್ತ, ಇಬ್ಬರೂ ಒಂದೊಂದು ನೆಪ ಹೇಳಿ ಜಾರಿಕೊಂಡರು. ಕಮಾಟಿಬಾಗ್ ಉದ್ಯಾನದಲ್ಲಿ ಹೊತ್ತು ಕಳೆದು ಅವರು ರಾತ್ರಿಯ ರೈಲಿಗೆ ಮುಂಬಯಿಗೆ ಹಿಂತಿರುಗಿದರು. ಇದನ್ನು ಅವರೇ ಬರೆದಿಟ್ಟಿದ್ದಾರೆ.

ಈ ಎರಡನ್ನೂ ತಲೆಯಲ್ಲಿಟ್ಟುಕೊಂಡು ನಾನು ನಾಲ್ಕು ಭಾನುವಾರ ನಾಲ್ಕು ಊರು ನೋಡಿ ಬಂದೆ.

ಮೊದಲು ದಾವಣಗೆರೆ. ಹತ್ತಿ ಮಿಲ್ಲುಗಳ ಊರು. ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ವಿಧಾನಸಭೆಗೆ ಕಳಿಸಿದ ಊರು. ಪಕ್ಕದ ಹರಿಹರವೇ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರ ಹುಟ್ಟೂರು. ದುಡಿಯುವವರ ಊರಿನಲ್ಲಿ ಜಾತಿ ಸ್ವಲ್ಪವಾದರೂ ಸವೆದಿರಬೇಕು ಅಂತ ನನ್ನ ಎಣಿಕೆ. ಹಿಂದೆ ಮಿಲ್ಲಿನಲ್ಲಿ ದುಡಿದ ಹಿರಿಯರೊಬ್ಬರನ್ನು ಕೇಳಿದೆ. ‘ಮಿಲ್ಲಿನಾಗ ಎಲ್ರೂ ಕಾರ್ಮಿಕ್ರು ತಮ್ಮಾ. ಗೇಟ್ ದಾಟಿದ್ವಿ ಅಂದ್ರ ಅವರವರ ಓಣಿ ಅವರವರಿಗೆ’ ಅಂದರು. ಮುಂಬಯಿಯ ಮಿಲ್ಲುಗಳಲ್ಲಂತೂ ಗೇಟಿನ ಒಳಗೂ ಜಾತಿ ಇತ್ತು. ಲಾಳಿಯಲ್ಲಿ ಕಂಡಿಕೆ ಬದಲಾಯಿಸುವಾಗ ನೂಲನ್ನು ಬಾಯಿಂದ ಎಳೆಯಬೇಕಿತ್ತು. ಎಂಜಲಾಗುತ್ತದೆ ಅಂತ ನಮ್ಮವರನ್ನು ನೇಯ್ಗೆ ವಿಭಾಗಕ್ಕೆ ಬಿಡುತ್ತಿರಲಿಲ್ಲ. ಹೆಚ್ಚು ಕೂಲಿ ಇದ್ದದ್ದು ಅಲ್ಲೇ. 1928ರ ಮುಷ್ಕರದ ಹೊತ್ತಿನಲ್ಲಿ ಅಂಬೇಡ್ಕರರು ಕಾರ್ಮಿಕ ನಾಯಕರ ಮುಂದೆ ಈ ಪ್ರಶ್ನೆ ಎತ್ತಬೇಕಾಯಿತು. ಯಂತ್ರ ಬಂದರೆ ಜಾತಿ ಹೋಗುತ್ತೆ ಅನ್ನುವವರು ಈ ನೂಲಿನ ಕತೆಯನ್ನು ನೆನಪಿಡಬೇಕು.

ಎರಡನೆಯದು ಬೆಂಗಳೂರು. ಮಾಗಡಿಯ ಮಂಚನಬೆಲೆಯಿಂದ ಬಂದ ಸಿದ್ದಲಿಂಗಯ್ಯನವರನ್ನು ಶ್ರೀರಾಮಪುರದಲ್ಲಿ ಬೆಳೆಸಿದ ಊರು. 1979ರಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿದ ಊರು. ಇಷ್ಟು ಜನರ ಮಧ್ಯೆ ಯಾರಿಗೆ ಯಾರು ಗೊತ್ತು, ಇಲ್ಲಿ ಕಳೆದುಹೋಗಬಹುದು ಅಂತ ಹಳ್ಳಿಯಲ್ಲಿ ಕೂತಾಗ ಅನ್ನಿಸುತ್ತದೆ. ಆದರೆ ಬೆಂಗಳೂರು 1898ರ ಪ್ಲೇಗಿನ ನಂತರ ಹೊಸ ಬಡಾವಣೆಗಳನ್ನು ಕಟ್ಟಿದಾಗಲೇ ಜಾತಿವಾರು ಪಾಲು ಮಾಡಿ ನಿವೇಶನ ಕೊಟ್ಟಿತ್ತು. ಈಗ ನಕ್ಷೆಯ ಮೇಲೆ ಜಾತಿ ಬರೆಯುವುದಿಲ್ಲ. ಗೇಟಿಗೆ ‘ಸಸ್ಯಾಹಾರಿಗಳಿಗೆ ಮಾತ್ರ’ ಅಂತ ಬೋರ್ಡು ಹಾಕುತ್ತಾರೆ. ಬಡವರಿಗೆ ಮೊದಲು ಕಟ್ಟಿಕೊಟ್ಟ ಜಾಗಕ್ಕೂ ಇಲ್ಲಿ ಭರವಸೆಯಿಲ್ಲ. ಈಜಿಪುರದಲ್ಲಿ ಆರ್ಥಿಕವಾಗಿ ದುರ್ಬಲರಿಗೆಂದು ಕಟ್ಟಿದ್ದ ವಸತಿಗಳ ಜಾಗದಲ್ಲಿ 2013ರ ಜನವರಿಯಲ್ಲಿ ಬುಲ್ಡೋಜರ್ ನಡೆಯಿತು. ಸಾವಿರಕ್ಕೂ ಹೆಚ್ಚು ಕುಟುಂಬಗಳು ಚಳಿಯಲ್ಲಿ ಬೀದಿಗೆ ಬಿದ್ದವು.

ಮೂರನೆಯದು ಕೆಜಿಎಫ್. ನನ್ನ ಮನಸ್ಸು ನಿಂತದ್ದು ಅಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿ ಹಿಡಿದ ಮೇಲೆ ಭೂಮಿಯೊಳಗೆ ಇಳಿದವರಲ್ಲಿ ಬಹುಪಾಲು ತಮಿಳುನಾಡಿನ ಕಡೆಯಿಂದ ಬಂದ ನಮ್ಮವರೇ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಈ ಗಣಿಗೆ. ಜನರಿಗೆ ಸಿಕ್ಕಿದ್ದು ಸಾಲುಸಾಲು ಸಣ್ಣ ಗೂಡುಗಳು, ಎದೆಯ ತುಂಬ ಕಲ್ಲಿನ ಧೂಳು. ಆದರೂ ಅವರು ಅಲ್ಲಿ ತಮ್ಮದೊಂದು ಊರು ಕಟ್ಟಿಕೊಂಡರು. 1907ರ ಸುಮಾರಿಗೇ ಅಯೋತಿದಾಸರ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿ ಶುರುವಾಗಿತ್ತು. ರಿಪಬ್ಲಿಕನ್ ಪಕ್ಷದ ಸಿ.ಎಂ. ಆರುಮುಗಂ ಅವರನ್ನು ಇವರು ಶಾಸಕರನ್ನಾಗಿ ಆರಿಸಿದರು. ನಾನು ಅಲ್ಲಿ ಮನೆ ಕೇಳಿದಾಗ ಒಬ್ಬರೂ ‘ನೀವು ಯಾವ ಪೈಕಿ’ ಅಂತ ಕೇಳಲಿಲ್ಲ. ನನ್ನ ಮಟ್ಟಿಗೆ ಅದು ಹೊಸ ಗಾಳಿ. ಆದರೆ 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅಲ್ಲಿಯ ಸಾವಿರಾರು ಮಕ್ಕಳು ಕೂಲಿಗೆ, ನೌಕರಿಗೆ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಬರುತ್ತಾರೆ, ರಾತ್ರಿ ಹಿಂತಿರುಗುತ್ತಾರೆ. ಹೆಸರು ಕೇಳದ ಊರಿನಲ್ಲಿ ಕೆಲಸವಿಲ್ಲ. ಕೆಲಸ ಕೊಡುವ ಊರು ಮನೆ ಕೊಡುವುದಿಲ್ಲ.

ಕೊನೆಗೆ ಮೈಸೂರು. ನನ್ನ ಮಗಳ ಓದಿಗೆ ಎಲ್ಲರೂ ಮೆಚ್ಚಿದ್ದು ಇದನ್ನೇ. 1903ರಲ್ಲೇ ನಗರಾಭಿವೃದ್ಧಿ ಮಂಡಳಿ ಕಟ್ಟಿಕೊಂಡ ಊರು, ಅಗಲವಾದ ರಸ್ತೆ, ಸಾಲುಮರ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲನೆಯದು ಅನ್ನಿಸಿಕೊಂಡಿತು. ನಾನು ಬೆಳಗಿನ ಜಾವ ಬಸ್ಸಿಳಿದಾಗ ಆ ಮೊದಲ ಸ್ಥಾನವನ್ನು ಪೊರಕೆ ಹಿಡಿದು ಗಳಿಸಿಕೊಟ್ಟವರು ಬೀದಿಯಲ್ಲಿದ್ದರು. ಹಿಂದೆ ಆದಿಕರ್ನಾಟಕಪುರವಾಗಿದ್ದ ಅಶೋಕಪುರಂ ಇದೇ ಊರಿನಲ್ಲಿದೆ. 1973ರ ನವೆಂಬರಿನಲ್ಲಿ ಬಸವಲಿಂಗಪ್ಪನವರು ಬೂಸಾದ ಮಾತಾಡಿದ್ದೂ ಇಲ್ಲೇ. ಆ ಮಾತಿಗೆ ನಾಡಿನ ಉದ್ದಗಲಕ್ಕೂ ದಲಿತ ವಿದ್ಯಾರ್ಥಿಗಳು ಏಟು ತಿಂದರು. ಮಲವನ್ನು ತಲೆಯ ಮೇಲೆ ಹೊರುವುದನ್ನು ನಿಲ್ಲಿಸಲು ಹೊರಟ ಮಂತ್ರಿಯೂ ಅವರೇ ಆಗಿದ್ದರು.

ಮೈಸೂರಿನಲ್ಲಿ ಮೂರು ಮನೆ ನೋಡಿದೆ. ಮೂರೂ ಕಡೆ ಕಾಫಿ ಕೊಡುವ ಮೊದಲು ಆ ಪ್ರಶ್ನೆ ಬಂತು. ನಿಜ ಹೇಳಿದೆ. ಒಬ್ಬರು ‘ಫೋನ್ ಮಾಡ್ತೀವಿ ಸಾರ್’ ಅಂದರು. ಇನ್ನೊಬ್ಬರಿಗೆ ತಟ್ಟನೆ ತಮ್ಮನ ಮಗ ಬರುವುದು ನೆನಪಾಯಿತು. ಮತ್ತೊಬ್ಬರು ‘ನಮಗೇನಿಲ್ಲ, ನಮ್ಮ ತಾಯಿಯವರು ಸ್ವಲ್ಪ ಹಳೇ ಕಾಲದವರು’ ಅಂದರು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ತಮ್ಮನ ಮಗ ಬರುವುದಿಲ್ಲ ಅನ್ನುವುದಕ್ಕೆ ನಾನು ಸಾಕ್ಷಿ ಎಲ್ಲಿಂದ ತರಲಿ?

ನಾಲ್ಕನೆಯ ಮನೆಯಲ್ಲಿ ನಾನು ಸುಳ್ಳು ಹೇಳಿದೆ. ನಾಲಿಗೆ ತಡವರಿಸಲಿಲ್ಲ. ಬೇರೊಂದು ಜಾತಿಯ ಹೆಸರು ಸಲೀಸಾಗಿ ಬಂತು. ಮನೆಯ ಯಜಮಾನರು ನಕ್ಕರು, ಕಾಫಿ ಬಂತು, ಮುಂಗಡ ಕೊಟ್ಟೆ.

ರಾತ್ರಿ ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ರಾಗಿ ಕೇರುತ್ತಿದ್ದಳು, ಮೊರ ನಿಲ್ಲಿಸಿದಳು. ‘ಅಲ್ಲಿಗೆ ನಾನ್ ಬಂದ್ರೆ ನನ್ನ ಯಾರು ಅಂತ ಹೇಳ್ತೀಯಪ್ಪಾ? ಕೆಲ್ಸದೋಳು ಅಂತೀಯಾ?’

ನನ್ನ ಹತ್ತಿರ ಉತ್ತರವಿರಲಿಲ್ಲ. ಅವ್ವನ ಮಾತು, ಅವ್ವನ ಹಚ್ಚೆ, ಅವಳು ತರುವ ಒಣಮೀನಿನ ಗಂಟು, ಯಾವುದೂ ನನ್ನ ಸುಳ್ಳಿಗೆ ಹೊಂದುವುದಿಲ್ಲ. ಸುಳ್ಳು ನಿಲ್ಲಬೇಕಾದರೆ ಅವ್ವ ಬರಬಾರದು. ಮಗಳಿಗೂ ಪಾಠ ಹೇಳಿಕೊಡಬೇಕು: ಶಾಲೆಯ ಸ್ಕಾಲರ್‌ಶಿಪ್ ಫಾರಂನಲ್ಲಿ ಒಂದು ಜಾತಿ, ಓನರ್ ಮನೆಯ ಅಂಗಳದಲ್ಲಿ ಇನ್ನೊಂದು. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೋ ಹಾಕಬೇಕೋ ಬೇಡವೋ ಅಂತ ನಾನು ಯೋಚಿಸಬೇಕು. ಬಾಡಿಗೆಯನ್ನು ತಿಂಗಳಿಗೊಮ್ಮೆ ಕೊಟ್ಟರೆ ಮುಗಿಯುತ್ತದೆ. ಈ ಸುಳ್ಳನ್ನು ದಿನಾ ಕಟ್ಟಬೇಕು.

ಸಂಘದ ದಿನಗಳ ಗೆಳೆಯನೊಬ್ಬನಿಗೆ ಇದನ್ನು ಹೇಳಿದೆ. ಅವನು ಜೋರಾಗಿ ನಕ್ಕ. ‘ಅಲ್ಲಯ್ಯಾ, ಅನ್ಯಾಯದ ಪ್ರಶ್ನೆಗೆ ಸತ್ಯದ ಉತ್ತರ ಕೊಡೋಕೆ ನೀನೇನು ಹರಿಶ್ಚಂದ್ರನಾ? ಅವನೂ ಕೊನೆಗೆ ನಮ್ಮ ವೀರಬಾಹು ಹತ್ರಾನೇ ಸುಡುಗಾಡು ಕಾಯ್ದೋನು! ತಪ್ಪು ಕೇಳಿದವನದ್ದು. ಬಾಬಾಸಾಹೇಬ್ರೇ ಪಾರ್ಸಿ ಹೆಸರು ಬರೆಸಿದ್ರು, ಗೊತ್ತಿಲ್ವಾ?’

ಅವನ ಮಾತನ್ನು ತಳ್ಳಿಹಾಕುವಂತಿಲ್ಲ. ಕೇಳುವ ಹಕ್ಕಿಲ್ಲದವನು ಕೇಳಿದ ಪ್ರಶ್ನೆಗೆ ನಿಜ ಹೇಳುವ ಹೊಣೆ ಯಾರಿಗೂ ಇಲ್ಲ. ಊರಿನಿಂದ ಏಟು ತಿಂದು ಮಗುವನ್ನು ಎತ್ತಿಕೊಂಡು ಓಡಿಬಂದ ಹೆಂಗಸು ಒಂದು ರಾತ್ರಿಯ ಸೂರಿಗಾಗಿ ಹೆಸರು ಬದಲಿಸಿದರೆ ಅವಳ ಮುಂದೆ ಸತ್ಯದ ಉಪದೇಶ ಮಾಡುವವನು ಮನುಷ್ಯನೇ ಅಲ್ಲ. ಬರೋಡದಲ್ಲಿ ಬಾಬಾಸಾಹೇಬರಿಗೆ ಬೇರೆ ದಾರಿ ಇರಲಿಲ್ಲ. ಅವರು ಆ ಹೆಸರಿನೊಳಗೆ ಬದುಕು ಕಟ್ಟಿಕೊಳ್ಳಲೂ ಇಲ್ಲ. ನಡೆದದ್ದನ್ನೆಲ್ಲ ತಾವೇ ಬರೆದು ಲೋಕದ ಮುಂದಿಟ್ಟರು.

ನನ್ನ ಸ್ಥಿತಿ ಬೇರೆ. ನನಗೆ ಸಂಬಳವಿದೆ, ನೌಕರಿಯ ರಕ್ಷಣೆಯಿದೆ, ಐದು ಮನೆ ತಪ್ಪಿದರೆ ಆರನೆಯದನ್ನು ಹುಡುಕಲು ಬಸ್ ಚಾರ್ಜಿದೆ. ಈ ಅನುಕೂಲ ನನಗೆ ಬಂದದ್ದೇ ನನ್ನ ಜಾತಿಯ ಹೆಸರಿನಲ್ಲಿ, ನನ್ನ ಜನರ ಹೋರಾಟದಿಂದ. ಸಂಬಳಕ್ಕೆ ಆ ಹೆಸರು ಬೇಕು, ಬಾಡಿಗೆ ಮನೆಗೆ ಬೇಡ ಅಂದರೆ ಅದು ಯಾವ ನ್ಯಾಯ?

ಇನ್ನೊಂದು ಮಾತಿದೆ. ನಾನು ಸುಳ್ಳು ಹೇಳಿ ಒಳಗೆ ಹೋದರೆ ಆ ಮನೆಯ ಕಟ್ಟಳೆ ಮುರಿಯುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ‘ಇಷ್ಟು ವರ್ಷ ಆ ಜನ ಯಾರೂ ನಮ್ಮನೇಲಿ ಇರಲಿಲ್ಲ’ ಅಂತ ಯಜಮಾನರು ಧೈರ್ಯವಾಗಿ ಹೇಳಬಹುದು. ನಾಳೆ ಹಳ್ಳಿಯಿಂದ ಓದಲು ಬರುವ ನಮ್ಮ ಹುಡುಗನೊಬ್ಬ ಅದೇ ಬಾಗಿಲು ತಟ್ಟಿದಾಗ ಅವನನ್ನು ಕಿಟಕಿಯ ಹಿಂದಿನಿಂದ ನೋಡುತ್ತಾ ನಾನು ಸುಮ್ಮನಿರಬೇಕಾಗುತ್ತದೆ. ನನ್ನ ಸುಳ್ಳಿನ ಬೆಲೆಯನ್ನು ಅವನು ತೆರುತ್ತಾನೆ.

ಮುಂದಿನ ವಾರ ಮೈಸೂರಿಗೆ ಹೋಗಿ ಆ ಯಜಮಾನರಿಗೆ ನನ್ನ ಜಾತಿ ಹೇಳಿದೆ. ಅವರು ಸಿಟ್ಟಾಗಲಿಲ್ಲ, ಸುಸ್ತಾದವರ ಹಾಗೆ ಕೂತರು. ‘ಮೊದಲೇ ಹೇಳಬಾರದಿತ್ತಾ ಸಾರ್?’ ಅಂದರು. ‘ಹೇಳಿದ್ದರೆ ಕೊಡ್ತಿದ್ರಾ?’ ಅಂದೆ. ಅವರು ಮಾತಾಡಲಿಲ್ಲ. ಒಳಗೆ ಹೋಗಿ ಮುಂಗಡವನ್ನು ತಂದು ಟೀಪಾಯಿಯ ಮೇಲಿಟ್ಟರು, ಕೈಗೆ ಕೊಡಲಿಲ್ಲ. ನಾನು ಎಣಿಸಿಕೊಂಡು ಬಂದೆ.

ಆದರೂ ವರ್ಗಾವಣೆಗೆ ನಾನು ಬರೆದುಕೊಟ್ಟದ್ದು ಮೈಸೂರನ್ನೇ. ಗೆಳೆಯ ಇದನ್ನು ಹಟ ಅಂದ. ಕೆಜಿಎಫ್‌ಗೆ ಹೋಗಿದ್ದರೆ ನೆಮ್ಮದಿಯಾಗಿರಬಹುದಿತ್ತು, ನಿಜ. ಅಶೋಕಪುರಂನಲ್ಲಿ ನಮ್ಮವರ ನಡುವೆ ಇರಬಹುದು, ಅದೂ ನಿಜ. ಅದರಲ್ಲಿ ಅವಮಾನವೇನಿಲ್ಲ. ನಮ್ಮ ಜನರ ನಡುವೆ ಬದುಕುವುದು ಸೋಲೂ ಅಲ್ಲ. ಆದರೆ ಅಲ್ಲಿ ಇರುವುದನ್ನು ನಾನು ಆರಿಸಬೇಕು, ಉಳಿದ ಬಾಗಿಲುಗಳು ಮುಚ್ಚಿದ್ದರಿಂದ ಅಲ್ಲಿಗೆ ತಳ್ಳಿಸಿಕೊಂಡು ಹೋಗಬಾರದು. ಊರನ್ನು ದಿನಾ ಗುಡಿಸಿ ಅದಕ್ಕೆ ಮೊದಲ ಸ್ಥಾನ ತಂದುಕೊಟ್ಟವರ ಮಕ್ಕಳಿಗೆ ಆ ಊರಿನ ಯಾವ ಬೀದಿಯಲ್ಲಾದರೂ ಮನೆ ಕೇಳುವ ಹಕ್ಕಿದೆ. ಆ ಹಕ್ಕನ್ನು ಯಾರಾದರೂ ಬಾಗಿಲು ತಟ್ಟಿ ತಟ್ಟಿ ಕೇಳುತ್ತಿರಬೇಕು. ಸಂಬಳ ಬರುವವನು ಕೇಳದಿದ್ದರೆ ಕೂಲಿಯವನು ಕೇಳಬೇಕೇ?

ಈಗ ನಾನು ಬಾಗಿಲಲ್ಲೇ, ಅವರು ಕೇಳುವ ಮೊದಲೇ ಹೇಳುತ್ತೇನೆ. ಕೆಲವರು ಮುಖ ತಿರುಗಿಸುತ್ತಾರೆ. ಕೆಲವರು ನಾಚುತ್ತಾರೆ. ನಾಚಿಕೆ ಇಷ್ಟು ದಿನ ನಮ್ಮ ಕಡೆ ಇತ್ತು, ಅದು ಇರಬೇಕಾದ ಕಡೆ ಸ್ವಲ್ಪ ಸರಿಯಿತು ಅಂದುಕೊಳ್ಳುತ್ತೇನೆ. ಇದನ್ನು ಬರೆಯುವ ಹೊತ್ತಿಗೆ ಹನ್ನೊಂದು ಮನೆ ನೋಡಿದ್ದೇನೆ. ಮನೆ ಇನ್ನೂ ಸಿಕ್ಕಿಲ್ಲ. ಸಿಕ್ಕ ದಿನ ಮೊದಲು ಹೊಸ್ತಿಲು ದಾಟುವವಳು ಅವ್ವ, ಅವಳ ಒಣಮೀನಿನ ಗಂಟಿನ ಸಮೇತ. ಹಾಸ್ಟೆಲಿನಲ್ಲಿ ಸೀಟು ಸಿಗದೆ ಬರುವ ಹುಡುಗರಿಗೆ ಹಜಾರದಲ್ಲಿ ಒಂದು ಚಾಪೆ ಇಡಬೇಕು ಅಂತ ಅವಳು ಈಗಲೇ ಹೇಳಿಟ್ಟಿದ್ದಾಳೆ.