ಇಂದಿನ ಧಮ್ಮ ಚಿಂತನೆ: ಸಂಪಿಗೆ ಹೂವನ್ನು ಹೇಗೆ ಕೊಡಬೇಕು?



ಮಾಕಳಿದುರ್ಗದ ಬೆಟ್ಟದ ಕೆಳಗೆ, ರೈಲ್ವೆ ಸ್ಟೇಷನ್ನಿಗೆ ಹತ್ತಿರದ ಹಳ್ಳಿಯಲ್ಲಿ ನಮ್ಮ ಅಜ್ಜಿಯ ಮನೆ ಇದೆ. ಮನೆ ಮುಂದೆ ಒಂದು ಕೆಂಡಸಂಪಿಗೆ ಮರ. ಕಸಿ ಗಿಡವಾದರೆ ಎರಡು ಮೂರು ವರ್ಷಕ್ಕೆ ಹೂ ಬಿಡುತ್ತದೆ. ಬೀಜದಿಂದ ಬೆಳೆದದ್ದಾದರೆ ಎಂಟು ಹತ್ತು ವರ್ಷ ಕಾಯಬೇಕು. ಅಜ್ಜಿಯದು ಬೀಜದ ಗಿಡ. ಬೇಸಿಗೆಯಲ್ಲಿ ಬಿಂದಿಗೆಯಿಂದ ನೀರು ಹೊತ್ತು ಹಾಕಿ ಬೆಳೆಸಿದ್ದಾಳೆ.

ಸಂಪಿಗೆ ಎಲ್ಲರಿಗೂ ಬೇಕು. ಹೆಣ್ಣುಮಕ್ಕಳು ಮುಡಿಯುತ್ತಾರೆ. ಬಟ್ಟೆ ಪೆಟ್ಟಿಗೆಯಲ್ಲಿ ಇಡುತ್ತಾರೆ. ಹೂವಿನಿಂದ ಅತ್ತರು ತೆಗೆಯುತ್ತಾರೆ, ಮರ ಕುಯ್ದರೆ ಹಲಗೆಗೆ ಬರುತ್ತದೆ. ಗುಡಿಯ ಪೂಜೆಗೂ ಬೇಕು, ನಮ್ಮ ಭಾನುವಾರದ ಬುದ್ಧ ವಂದನೆಗೂ ಬೇಕು.

ಅಜ್ಜಿ ಚಿಕ್ಕವಳಿದ್ದಾಗ ಬೇರೆಯವರ ತೋಟದಲ್ಲಿ ಕೂಲಿ ಮಾಡುತ್ತಿದ್ದಳು. ಬೆಳಗ್ಗೆ ದೋಟಿಯಲ್ಲಿ ಸಂಪಿಗೆ ಕಿತ್ತು, ಬುಟ್ಟಿಗೆ ತುಂಬಿ, ಗುಡಿಯ ಹೊರಗೆ ನೆಲದ ಮೇಲೆ ಇಟ್ಟು ದೂರ ಸರಿದು ನಿಲ್ಲಬೇಕಿತ್ತು. ಒಳಗಿನವರು ಬಂದು ನೀರು ಚಿಮುಕಿಸಿ ಬುಟ್ಟಿ ಎತ್ತಿಕೊಂಡು ಹೋಗುತ್ತಿದ್ದರು. "ಹೂವಿನ ಮೈಲಿಗೆ ಒಂದು ಚೊಂಬು ನೀರಿಗೆ ಕಳೀತಿತ್ತು ಕಣಪ್ಪ, ನಂದು ಮಾತ್ರ ಕಳೀತಿರಲಿಲ್ಲ" ಎಂದು ಈಗಲೂ ಹೇಳುತ್ತಾಳೆ.

ಹೋದ ವರ್ಷ ಒಂದು ದಿನ ಮೇಲಿನ ಬೀದಿಯ ಸೊಸೆಯೊಬ್ಬಳು ಮನೆ ಮುಂದೆ ಬಂದು ನಿಂತಳು. "ಅಜ್ಜಿ, ಗುಡಿಗೆ ನಾಲ್ಕು ಸಂಪಿಗೆ ಹೂ ಬೇಕಿತ್ತು, ಕೊಡ್ತೀರಾ?"

ನನ್ನ ತಮ್ಮನಿಗೆ ಸಿಟ್ಟು ಬಂತು. "ನಮ್ಮನ್ನ ಒಳಗೆ ಬಿಡದ ಗುಡಿಗೆ ನಮ್ಮನೆ ಹೂವು ಯಾಕೆ? 22 ಪ್ರತಿಜ್ಞೆ ತಗೊಂಡವರು ನಾವು" ಎಂದ. ಚಿಕ್ಕಪ್ಪ, "ಕರುಣೆಯಿಂದ ಇರ್ತೀವಿ ಅನ್ನೋದೂ ಅದೇ ಪ್ರತಿಜ್ಞೆಗಳಲ್ಲೇ ಇದೆ. ಕೇಳಿಕೊಂಡು ಬಂದವರಿಗೆ ಇಲ್ಲ ಅನ್ನಬಾರದು" ಎಂದರು.

ಬಂಧುಗಳೇ, ಇಬ್ಬರ ಮಾತಿನಲ್ಲೂ ನಿಜವಿದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಧಮ್ಮ ದೀಕ್ಷೆ ಪಡೆದ ಬಾಬಾಸಾಹೇಬರು ತಮ್ಮ ಜನರಿಗೆ ಕೊಟ್ಟ ಪ್ರತಿಜ್ಞೆಗಳಲ್ಲಿ ಹಳೆಯ ದೇವರುಗಳನ್ನು ಪೂಜಿಸುವುದಿಲ್ಲ ಎಂಬುದೂ ಇದೆ, ಎಲ್ಲ ಜೀವಿಗಳ ಮೇಲೆ ದಯೆ ಇಡುತ್ತೇನೆ ಎಂಬುದೂ ಇದೆ. ಇವೆರಡರ ಜೊತೆಗೆ ಸಮಾನತೆಯನ್ನು ತರಲು ದುಡಿಯುತ್ತೇನೆ ಎಂಬ ಪ್ರತಿಜ್ಞೆಯೂ ಇದೆ. ಆ ದಿನ ನನಗಾಗಲಿ ತಮ್ಮನಿಗಾಗಲಿ ಅದು ನೆನಪಾಗಲಿಲ್ಲ. ಅಜ್ಜಿ ಅದನ್ನು ಮಾಡಿಯೇ ತೋರಿಸಿದಳು.

ಅಜ್ಜಿ ಎದ್ದು ಹೂ ಕಿತ್ತು ತಂದಳು. ಆ ಹೆಣ್ಣುಮಗಳು ಸೆರಗು ಒಡ್ಡಿದಳು. "ಸೆರಗಿಗಲ್ಲ ಕಣವ್ವ, ಕೈಗೆ. ಕೈಯಿಂದ ಕೈಗೆ ಕೊಡ್ತೀನಿ. ತಗೊಂಡ ಮ್ಯಾಲೆ ಯಾವ ದೇವರಿಗಾದ್ರೂ ಇಡು, ನೀನೇ ಮುಡ್ಕೊ, ನಾನು ಕೇಳಲ್ಲ." ಆಕೆ ಒಂದು ಗಳಿಗೆ ಸುಮ್ಮನೆ ನಿಂತಳು. ಆಮೇಲೆ ಎರಡೂ ಕೈ ಚಾಚಿದಳು. ಅಜ್ಜಿಯ ಬೆರಳು ಅವಳ ಅಂಗೈಗೆ ತಾಗಿತು.

ಮುಂದಿನ ವಾರ ಬಂದ ಇನ್ನೊಬ್ಬರು ಈ ಮಾತು ಕೇಳಿ ಹೂ ಬೇಡವೆಂದು ಹಿಂದಿರುಗಿದರು. ಅಜ್ಜಿ ಬೇಸರ ಮಾಡಿಕೊಳ್ಳಲಿಲ್ಲ. ಹೂವು ವಂದನೆಗೆ ಬಂತು.

ಇದನ್ನು ನೋಡಿದಾಗ ನನಗೆ ದೀಘ ನಿಕಾಯದ ಸೋಣದಂಡ ಸುತ್ತ ನೆನಪಾಯಿತು. ಸಂಪಿಗೆಗೆ ಪಾಳಿಯಲ್ಲಿ ಚಂಪಕ ಎಂದು ಹೆಸರು. ಈಗಿನ ಬಿಹಾರದ ಭಾಗಲ್ಪುರದ ಹತ್ತಿರ ಆಗ ಚಂಪಾ ಎಂಬ ನಗರವಿತ್ತು. ಅಲ್ಲಿನ ಗಗ್ಗರಾ ಕೊಳದ ದಡದಲ್ಲಿ ಸಂಪಿಗೆ ತೋಪು ಇತ್ತೆಂದು ಅಟ್ಠಕಥೆ ಹೇಳುತ್ತದೆ. ಭಗವಾನ್ ಬುದ್ಧರು ಆ ದಡದಲ್ಲಿದ್ದಾಗ ಸೋಣದಂಡನೆಂಬ ಹೆಸರಾಂತ ಬ್ರಾಹ್ಮಣ ಬಂದ. ಬ್ರಾಹ್ಮಣ ಎನಿಸಿಕೊಳ್ಳಲು ಏನೇನಿರಬೇಕು ಎಂದು ಬುದ್ಧರು ಕೇಳಿದರು. ಅವನು ಐದು ಹೇಳಿದ: ಒಳ್ಳೆಯ ಕುಲ, ಮಂತ್ರವಿದ್ಯೆ, ರೂಪ, ಶೀಲ, ಪ್ರಜ್ಞೆ. ಇದರಲ್ಲಿ ಯಾವುದನ್ನು ಬಿಡಬಹುದು ಎಂದು ಬುದ್ಧರು ಒಂದೊಂದಾಗಿ ಕೇಳುತ್ತಾ ಹೋದರು. ಮೊದಲು ರೂಪ ಹೋಯಿತು, ಆಮೇಲೆ ಮಂತ್ರ ಹೋಯಿತು, ಕೊನೆಗೆ ಕುಲವೂ ಹೋಯಿತು. ಶೀಲ ಮತ್ತು ಪ್ರಜ್ಞೆ ಉಳಿದವು. ಜೊತೆಗಿದ್ದ ಬ್ರಾಹ್ಮಣರು ಗಲಾಟೆ ಮಾಡಿದರೂ ಸೋಣದಂಡ ತನ್ನ ಮಾತಿಗೆ ನಿಂತ.

ಆದರೆ ಆ ಸುತ್ತದ ಕೊನೆಯನ್ನು ನಾವು ಹೆಚ್ಚಾಗಿ ಓದುವುದಿಲ್ಲ. ಉಪಾಸಕನಾದ ಮೇಲೆ ಸೋಣದಂಡ ಬುದ್ಧರಲ್ಲಿ ಒಂದು ವಿನಂತಿ ಮಾಡಿಕೊಂಡ. ಸಭೆಯ ನಡುವೆ ಎದ್ದು ನಿಂತು ನಮಸ್ಕರಿಸಿದರೆ ತನ್ನವರು ಕೀಳಾಗಿ ನೋಡುತ್ತಾರೆ, ಹೆಸರು ಹೋದರೆ ವರಮಾನವೂ ಹೋಗುತ್ತದೆ; ಆದ್ದರಿಂದ ಕೂತಲ್ಲಿಯೇ ಕೈ ಜೋಡಿಸಿದರೆ ಅದನ್ನೇ ಎದ್ದು ನಿಂತಂತೆ ತಿಳಿಯಬೇಕು ಎಂದ. ಕುಲ ಬೇಕಿಲ್ಲ ಎಂದು ಬಾಯಿ ಒಪ್ಪಿತ್ತು. ಆದರೆ ನಾಲ್ಕು ಜನರ ಮುಂದೆ ಎದ್ದು ನಿಲ್ಲಲು ಅವನಿಂದ ಆಗಲಿಲ್ಲ.

ಇವತ್ತೂ ಸಮಾನತೆಯನ್ನು ಬಾಯಲ್ಲಿ ಒಪ್ಪದವರು ಕಡಿಮೆ. ಅಜ್ಜಿ ಬಾಯಿಮಾತು ಕೇಳಲಿಲ್ಲ, ಕೈ ಚಾಚು ಎಂದಳು. ಹೂವು ಕೊಡುವುದು ದಾನ. ನೆಲದ ಮೇಲೆ ಇಟ್ಟು ದೂರ ಸರಿಯುವುದು ದಾನವಲ್ಲ, ಅದು ಹಳೆಯ ಊಳಿಗ. ಕೊಡುವವರ ಸ್ವಾಭಿಮಾನ ಉಳಿಯದ ಕಡೆ ಮೈತ್ರಿಯೂ ಉಳಿಯುವುದಿಲ್ಲ.

ಇದೇ ಶರತ್ತು ನಮಗೂ ಇದೆ, ಬಂಧುಗಳೇ. ನಮ್ಮೊಳಗೇ ಎಡಗೈ, ಬಲಗೈ ಎಂದು ಲೆಕ್ಕ ಹಾಕುವವರಿದ್ದಾರೆ. ಬೀದಿ ಗುಡಿಸುವ ತಾಯಿಗೆ ನೀರನ್ನು ಬೇರೆ ಲೋಟದಲ್ಲಿ ಕೊಡುವ ಮನೆಗಳು ನಮ್ಮಲ್ಲೂ ಇವೆ. ಬೆಳಗ್ಗೆ ಬುದ್ಧರ ಮುಂದೆ ಸಂಪಿಗೆ ಇಟ್ಟು, ಮಧ್ಯಾಹ್ನ ಬೇರೆ ಲೋಟ ಹುಡುಕುವವರು ಸೋಣದಂಡನಿಗಿಂತ ಮುಂದೆ ಬಂದಿಲ್ಲ.

ವಂದನೆಗೆ ಇಟ್ಟ ಸಂಪಿಗೆ ಸಂಜೆಯ ಹೊತ್ತಿಗೆ ಕಂದುತ್ತದೆ. ನಾವು ಅದನ್ನು ಇಡುವುದು ವರ ಬೇಡಲು ಅಲ್ಲ, ಈ ದೇಹವೂ ಹೀಗೆಯೇ ಬಾಡುತ್ತದೆ ಎಂದು ನೆನೆಯಲು. ಬಾಡುವ ಕೈಯಲ್ಲಿ ಮೇಲು ಯಾವುದು, ಕೀಳು ಯಾವುದು?

ಇಂದಿನ ಅಭ್ಯಾಸ: ಇವತ್ತು ಯಾರಿಗೆ ಏನೇ ಕೊಟ್ಟರೂ, ನೀರಾಗಲಿ ಹಣವಾಗಲಿ ಹೂವಾಗಲಿ, ಮುಖ ನೋಡಿ ಕೈಯಿಂದ ಕೈಗೆ ಕೊಡೋಣ. ತೆಗೆದುಕೊಳ್ಳುವಾಗಲೂ ಹಾಗೆಯೇ ತೆಗೆದುಕೊಳ್ಳೋಣ.

ನಮೋ ಬುದ್ಧಾಯ. ಜೈಭೀಮ್. 🙏