ನಾಳೆ ಬಾ

ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಲುಂಗಾ ಲುಂಗಾ ರಸ್ತೆಯ ಬದಿಯ ಒಂದು ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್. ದಿನಗೂಲಿ ಕೆಲಸ ಹುಡುಕಿಕೊಂಡು ಮುಕುರು ಕೊಳೆಗೇರಿಯಿಂದ ನಡೆದು ಬಂದವರು ಬೆಳಗ್ಗೆ ಏಳರೊಳಗೆ ಗೇಟಿನ ಮುಂದೆ ನಿಂತಿರುತ್ತಾರೆ. ಬೇಕಾದಷ್ಟು ಜನರನ್ನು ಒಳಗೆ ಕರೆದು, ಉಳಿದವರಿಗೆ ನಾನು ಸ್ವಾಹಿಲಿಯಲ್ಲಿ 'ಕೆಶೊ' ಎನ್ನುತ್ತಿದ್ದೆ, ಅಂದರೆ ನಾಳೆ. ನಾಳೆಯೂ ಕೆಲಸವಿಲ್ಲವೆಂದು ಗೊತ್ತಿದ್ದಾಗಲೂ ಅದೇ ಮಾತು. 'ಇಲ್ಲ' ಎನ್ನುವುದು ಒರಟೆನಿಸುತ್ತಿತ್ತು. ನಮ್ಮ ಕಡೆ ದೆವ್ವವನ್ನು ಸಾಗಹಾಕಲು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರಲ್ಲ, ಅದೇ ಉಪಾಯ.

ಅವರಲ್ಲೊಬ್ಬ ಯುವಕ ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಾಲಿಶ್ ಹಾಕಿದ ಬೂಟು ತೊಟ್ಟು ಬರುತ್ತಿದ್ದ. ಕೆಲಸದ ಬಟ್ಟೆ ಕೈಚೀಲದಲ್ಲಿರುತ್ತಿತ್ತು. ಮೂಟೆ ಹೊರುವವನಿಗೆ ಇಷ್ಟು ಶೋಕಿಯೇ ಎಂದುಕೊಂಡಿದ್ದೆ. ನನ್ನದು ಮಂಗಳೂರಿನ ಬಾಸೆಲ್ ಮಿಶನ್ ಪರಂಪರೆಯ ಮನೆ. 1834ರಲ್ಲಿ ಬಂದ ಆ ಮಿಶನ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು; ನನ್ನ ಮುತ್ತಜ್ಜ ಅಲ್ಲಿ ದುಡಿದವರು. ಒಡವೆಗಿಂತ ಮನಸ್ಸಿನ ಸೌಮ್ಯತೆಯೇ ಅಲಂಕಾರವೆಂಬ ಪೇತ್ರನ ಬೋಧನೆಯನ್ನು ಕೇಳುತ್ತಲೇ ನಾವು ಬೆಳೆದೆವು.

ಒಂದು ದಿನ ಆ ಯುವಕ ನಗುತ್ತಲೇ ಕೇಳಿದ: "ಬಾಸ್, ನಿಮ್ಮ ನಾಳೆ ಯಾವ ವಾರ ಬರುತ್ತದೆ? ನಿನ್ನೆಯೇ ಇಲ್ಲ ಎಂದಿದ್ದರೆ ಇವತ್ತು ಬೇರೆ ಗೇಟಿಗೆ ಹೋಗುತ್ತಿದ್ದೆ."

ನನ್ನ ಮೃದು ಮಾತಿಗೆ ಅವನು ಒಂದು ದಿನದ ಕೂಲಿ ತೆತ್ತಿದ್ದ.

ಅಂದು ರಾತ್ರಿ ಯಾಕೋಬನ ಪತ್ರಿಕೆ ಓದಿದೆ. ಐದೇ ಅಧ್ಯಾಯ. ಸಭೆಯಲ್ಲಿ ಚಿನ್ನದುಂಗುರದವನಿಗೆ ಒಳ್ಳೆಯ ಜಾಗ ಕೊಟ್ಟು ಕೊಳೆಬಟ್ಟೆಯವನನ್ನು ನೆಲದಲ್ಲಿ ಕೂರಿಸುವವರನ್ನು ಎರಡನೆಯ ಅಧ್ಯಾಯ ಗದರಿಸುತ್ತದೆ. ಮೂರನೆಯದು ನಾಲಿಗೆಯನ್ನು ಬೆಂಕಿಗೆ ಹೋಲಿಸುತ್ತದೆ. ಐದನೆಯದು ಆಣೆಯಿಡದೆ ಹೌದು, ಇಲ್ಲಗಳನ್ನು ನೇರವಾಗಿ ಹೇಳಿ ಎನ್ನುತ್ತದೆ. ಬಟ್ಟೆಯ ವಿಚಾರವೂ ಮಾತಿನ ವಿಚಾರವೂ ಕೊನೆಗೆ ಒಂದೇ ಎನಿಸಿತು: ಎದುರಿಗಿರುವವನನ್ನು ನಾನು ಮನುಷ್ಯನೆಂದು ಲೆಕ್ಕಕ್ಕೆ ಹಿಡಿದಿದ್ದೇನೆಯೇ? ಪೇತ್ರನ ಎಚ್ಚರಿಕೆ ಚಿನ್ನ ಇದ್ದವರಿಗೆ. ಈ ಯುವಕನ ಬಿಳಿ ಅಂಗಿ ಕೇಳುತ್ತಿದ್ದುದು ಮರ್ಯಾದೆಯನ್ನಷ್ಟೇ. ಮೈಮೇಲೆ ಒಡವೆಯಿಲ್ಲದ ನಾನೇ ಸುಳ್ಳಿಗೆ ಒಡವೆ ತೊಡಿಸುತ್ತಿದ್ದೆ.

ನೇರ ಮಾತೂ ನೋಯಿಸುತ್ತದೆ, ನಿಜ. ಆದರೆ ಬೇಗ ಹೇಳಿದರೆ ಅವರಿಗೆ ಆ ದಿನವಾದರೂ ಉಳಿಯುತ್ತದೆ. ಈಗ ಆರೂವರೆಗೇ ಗೇಟಿಗೆ ಹೋಗಿ ಎಷ್ಟು ಜನ ಬೇಕೆಂದು ಹೇಳಿಬಿಡುತ್ತೇನೆ. ಉಳಿದವರ ಮುಖ ನೋಡಿ 'ಲಿಯೊ ಹಕೂನಾ ಕಾಜಿ', ಇವತ್ತು ಕೆಲಸವಿಲ್ಲ, ಎನ್ನುತ್ತೇನೆ. ಕೆಲವರು ಗೊಣಗುತ್ತಾರೆ, ಆದರೆ ಬೇಗ ಮುಂದಿನ ಗೇಟಿನತ್ತ ಹೊರಡುತ್ತಾರೆ. ನನ್ನ ನಾಲಿಗೆಗೆ ಅದು ಇನ್ನೂ ಸುಲಭವಾಗಿಲ್ಲ.